ಎರಿ ಹಾದಿಯ ಒಂದು ಕಿಲೋಮೀಟರು

ಮೃಗಶಿರಾ ಮಳೆ ಬಿದ್ದ ಮರುದಿನ ತೋಟದ ವಸ್ತಿಯಿಂದ ಸಾಲಿಗೆ ಹೊರಟ ಮಕ್ಕಳ ಚಪ್ಪಲಿ ಕಾಲಲ್ಲಿ ಇರುವುದಿಲ್ಲ, ಕೈಯಲ್ಲಿ ಇರುತ್ತವೆ. ಎರಿ ಮಣ್ಣು ಒಮ್ಮೆ ಹಸಿಯಾಯಿತೆಂದರೆ ಚಪ್ಪಲಿಯನ್ನು ಬಿಡುವುದಿಲ್ಲ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಅಡಿಗೆ ಮೆತ್ತಿದ ಮಣ್ಣು ಕಾಲಿಗಿಂತ ಭಾರವಾಗುತ್ತದೆ, ಇನ್ನು ಹತ್ತು ಹೆಜ್ಜೆಗೆ ಉಂಗುಟ ಕಿತ್ತು ಕೈಗೆ ಬರುತ್ತದೆ. ಅದಕ್ಕೇ ಬರಿಗಾಲು. ಬದುವಿನ ಹುಲ್ಲಿಗೆ ಪಾದ ಒರೆಸುತ್ತ, ಕಡ್ಡಿಯಿಂದ ಬೆರಳ ಸಂದಿಯ ಕೆಸರು ಕೆರೆಯುತ್ತ, ಪಾಟಿಚೀಲ ತಲೆಯ ಮೇಲೆ ಹೊತ್ತು ಅವರು ಹಳ್ಳದವರೆಗೆ ಬಂದು ನಿಲ್ಲುತ್ತಾರೆ. ಅವರಲ್ಲಿ ದೊಡ್ಡವನೊಬ್ಬ ನೀರಿಗೆ ಕಲ್ಲು ಒಗೆದು ಸಪ್ಪಳ ಕೇಳುತ್ತಾನೆ. ದಾಟಬೇಕೋ ಮನೆಗೆ ಮರಳಬೇಕೋ ಅವನು ಹೇಳುತ್ತಾನೆ.

ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಈ ದಾರಿ ಒಂದು ಕಿಲೋಮೀಟರಿನ ಒಳಗೇ ಬರಬಹುದು. ಕಾನೂನಿನ ಪ್ರಕಾರ ಅದು ‘ನಡೆದು ಹೋಗುವಷ್ಟು ದೂರ’.

ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಈ ಮೂರರ ಆಸುಪಾಸಿನಲ್ಲಿರುವ ಇಟ್ಟಂಗಿಹಾಳದಂಥ ಊರುಗಳಲ್ಲಿ ಪಾಲಕರ ಜೊತೆ ಕೂತು ಸಾಲಿಯ ಮಾತು ತೆಗೆದರೆ ಮೊದಲು ಬರುವುದು ಶಿಕ್ಷಕರ ಕೊರತೆ. ಎರಡನೆಯದು ಇಂಗ್ಲಿಷ್. ಮೂರನೆಯದನ್ನು ಅವರು ಒಂದು ಹೆಸರಿಟ್ಟು ಕರೆಯುವುದಿಲ್ಲ, ಆದರೆ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ: “ನಮ್ಮ ಊರು ಇದರಾಗ ಬರೂದಿಲ್ಲಂತ,” “ನಮ್ಮ ಹೆಸರು ಆ ಕಡೆ ಹೋಗೇತಂತ,” “ಈ ವರ್ಷದಿಂದ ರೂಲ್ಸ್ ಬದಲಾಗೇತಂತ.” ಮೂರು ಮಾತಿನಲ್ಲೂ ಕೊನೆಗೆ ‘ಅಂತ’ ಇದೆ. ಯಾರೋ ಎಲ್ಲೋ ಗೆರೆ ಎಳೆದಿದ್ದಾರೆ, ಅದು ಇವರ ಮಗುವಿನ ಮುಂದೆ ಬಂದು ನಿಂತಿದೆ, ಸುದ್ದಿ ಮಾತ್ರ ಬಾಯಿಂದ ಬಾಯಿಗೆ ತಲುಪಿದೆ. ಆ ಗೆರೆಗಳ ಬಗ್ಗೆ ಈ ಲೇಖನ.

ಗೆರೆಗಳಲ್ಲಿ ಅತಿ ಹಳೆಯದು ಊರಿನ ಸರಹದ್ದು. ಅದು ಭೂಕಂದಾಯಕ್ಕಾಗಿ ಹುಟ್ಟಿದ್ದು. ಮುಂಬೈ ಪ್ರಾಂತದ ಕಾಲದ ಸರ್ವೆಯವರು ಸರಪಳಿ ಹಿಡಿದು ಹೊಲ ಅಳೆದು, ಕಲ್ಲು ನೆಟ್ಟು, ಯಾರಿಂದ ಎಷ್ಟು ಕಂದಾಯ ಬರಬೇಕೆಂದು ಬರೆದಿಟ್ಟರು. ಕಂದಾಯ ಗ್ರಾಮದ ಇಂದಿನ ಗಡಿ ಬಹುಮಟ್ಟಿಗೆ ಅಲ್ಲಿಂದಲೇ ಬಂದದ್ದು. ನಗರದಲ್ಲಿ ಅದರ ಜಾಗಕ್ಕೆ ವಾರ್ಡ್ ಬರುತ್ತದೆ. ವಿಜಯಪುರ 2013ರಲ್ಲಿ ಮಹಾನಗರ ಪಾಲಿಕೆಯಾಯಿತು, ಈಗ 35 ವಾರ್ಡುಗಳಿವೆ. ವಾರ್ಡಿನ ಗಡಿ ಹಾಕುವುದು ಜನಸಂಖ್ಯೆ ನೋಡಿ, ಚುನಾವಣೆಗಾಗಿ. ಮೇಲಿನದು ತಾಲೂಕು. ಹಿಂದೆ ಈ ಜಿಲ್ಲೆಯಲ್ಲಿ ಐದೇ ತಾಲೂಕುಗಳಿದ್ದವು: ವಿಜಯಪುರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. 2017-18ರ ಬಜೆಟ್ಟಿನಲ್ಲಿ ರಾಜ್ಯದ ತುಂಬ ಹೊಸ ತಾಲೂಕುಗಳು ಘೋಷಣೆಯಾದಾಗ ತಿಕೋಟಾ, ಬಬಲೇಶ್ವರ, ಕೊಲ್ಹಾರ, ನಿಡಗುಂದಿ, ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ ಆ ಪಟ್ಟಿಗೆ ಬಂದವು. ಇದು ಆಡಳಿತದ ಅನುಕೂಲದ ಗಡಿ. ಪಹಣಿ, ರೇಶನ್ ಕಾರ್ಡು, ಜಾತಿ ಪ್ರಮಾಣಪತ್ರಕ್ಕೆ ವಿಜಯಪುರದವರೆಗೆ ಅಲೆಯುವುದು ತಪ್ಪಿತೆಂದು ಜನ ಸಂತೋಷಪಟ್ಟರು, ಪಡಬೇಕಾದ್ದೇ.

ಶಿಕ್ಷಣ ಇಲಾಖೆಯ ವಲಯ ಮಾತ್ರ ತಾಲೂಕಿನ ಜೊತೆ ಹೆಜ್ಜೆ ಹಾಕುವುದಿಲ್ಲ. ಚಡಚಣ ತಾಲೂಕಾಗುವ ಎಷ್ಟೋ ವರ್ಷ ಮೊದಲೇ ಶೈಕ್ಷಣಿಕ ವಲಯವಾಗಿತ್ತು. ಹಳೆಯ ವಿಜಯಪುರ ತಾಲೂಕನ್ನು ಇಲಾಖೆ ನಗರ ವಲಯ, ಗ್ರಾಮೀಣ ವಲಯ ಎಂದು ಎರಡು ಮಾಡಿಕೊಂಡಿತ್ತು. ಒಂದು ಮನೆ ಕಂದಾಯಕ್ಕೆ ಒಂದು ಕಡೆ, ಸಾಲಿಗೆ ಇನ್ನೊಂದು ಕಡೆ, ವೋಟಿಗೆ ಮತ್ತೊಂದು ಕಡೆ ಸೇರಿರುವುದು ನಮ್ಮಲ್ಲಿ ಹೊಸದಲ್ಲ. ಬಸ್ಸನ್ನೇ ನೋಡಿ. ವಿಜಯಪುರದಲ್ಲಿ ಓಡುವುದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮದ ಬಸ್ಸು, ಆದರೆ ಜಿಲ್ಲೆ ಕಲ್ಯಾಣ ಕರ್ನಾಟಕದಲ್ಲಿಲ್ಲ. ಸಿಂದಗಿಯ ಆಚೆ, ಕಲ್ಯಾಣ ಕರ್ನಾಟಕದ ಜೇವರ್ಗಿಯ ಹುಡುಗನಿಗೆ ಸಂವಿಧಾನದ 371ಜೆ ವಿಧಿಯ ಅಡಿ ಮೀಸಲಾತಿ ಸಿಗುತ್ತದೆ. ಈಚೆ ಸಿಂದಗಿಯ ಹುಡುಗನಿಗೆ ಇಲ್ಲ. ಮಳೆ ಎರಡೂ ಕಡೆ ಅಷ್ಟಕ್ಕಷ್ಟೆ, ಬರ ಎರಡೂ ಕಡೆ ಬರುತ್ತದೆ.

ಇಷ್ಟು ಗೆರೆಗಳಲ್ಲಿ ಒಂದಾದರೂ ಆರು ವರ್ಷದ ಮಗುವಿನ ಕಾಲು ನೋಡಿ ಎಳೆದದ್ದಲ್ಲ. ಒಂದು ಕಂದಾಯಕ್ಕೆ, ಒಂದು ಮತಕ್ಕೆ, ಒಂದು ಕಚೇರಿಗೆ. ಮಗುವಿಗೆ ಯಾವ ಸಾಲಿ ಎಂದು ಕೇಳಿದಾಗ ಸರಕಾರ ಕೈಗೆ ಸಿಕ್ಕ ಹಳೆಯ ಗೆರೆಯನ್ನೇ ತೆಗೆದುಕೊಟ್ಟಿತು. ಪಾಲಕರ ಕಿರಿಕಿರಿಯ ಬೇರು ಇಲ್ಲಿದೆ ಎಂದು ನನಗೆ ಅನಿಸುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ‘ನೆರೆಹೊರೆಯ ಶಾಲೆ’ಯಲ್ಲಿ ಉಚಿತ ಶಿಕ್ಷಣ ಎಂದು ಅದು ಹೇಳಿತು. ರಾಜ್ಯ 2012ರಲ್ಲಿ ಮಾಡಿದ ನಿಯಮಗಳಲ್ಲಿ ಈ ನೆರೆಹೊರೆಗೆ ಅಳತೆ ಬಂತು: ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರು, ಆರರಿಂದ ಎಂಟಕ್ಕೆ ಮೂರು. ಕಾಯ್ದೆಯ 12(1)(ಸಿ) ಕಲಮಿನ ಪ್ರಕಾರ ಅನುದಾನ ಪಡೆಯದ ಖಾಸಗಿ ಶಾಲೆಗಳು ತಮ್ಮ ಪ್ರವೇಶ ತರಗತಿಯ ಕಾಲು ಭಾಗ ಸೀಟುಗಳನ್ನು ನೆರೆಹೊರೆಯ ಬಡ ಮಕ್ಕಳಿಗೆ, ಹಿಂದುಳಿದವರ ಮಕ್ಕಳಿಗೆ ಕೊಡಬೇಕು, ಖರ್ಚನ್ನು ಸರಕಾರ ಮರಳಿಸಬೇಕು. ಕರ್ನಾಟಕದಲ್ಲಿ ಇದು 2012-13ರಿಂದ ಶುರುವಾಯಿತು. ಒಂದನೆಯ ತರಗತಿಯ ಮಗುವಿಗೆ ಮೊದಲು ವರ್ಷಕ್ಕೆ 11,848 ರೂಪಾಯಿ, ಮುಂದೆ 16,000 ರೂಪಾಯಿಯವರೆಗೆ ಸರಕಾರ ಶಾಲೆಗೆ ಕಟ್ಟುತ್ತಿತ್ತು. ಈ ಸೀಟುಗಳ ಮಟ್ಟಿಗೆ ನೆರೆಹೊರೆ ಎಂದರೆ ಹಳ್ಳಿಯಲ್ಲಿ ಗ್ರಾಮ, ನಗರದಲ್ಲಿ ವಾರ್ಡು.

ಜನರ ಬಾಯಲ್ಲಿ ಇದು ‘ಆರ್‌ಟಿಇ’ ಆಯಿತು. ಆರ್‌ಟಿಇ ಸೀಟು, ಆರ್‌ಟಿಇ ಹುಡುಗ. ಬೇಸಿಗೆ ಬಂತೆಂದರೆ ನಾಡಕಚೇರಿಯ ಮುಂದೆ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಸಾಲು, ಕಂಪ್ಯೂಟರ್ ಸೆಂಟರಿನ ಮುಂದೆ ಅರ್ಜಿಗೆ ಸಾಲು, ಆಮೇಲೆ ಲಾಟರಿಯ ದಿನ ಎಣಿಸುವುದು. ರಾಜ್ಯದಲ್ಲಿ ಲಕ್ಷಕ್ಕೂ ಮಿಕ್ಕಿ ಸೀಟುಗಳಿದ್ದವು, ಅರ್ಜಿಗಳು ಅದಕ್ಕಿಂತ ಹೆಚ್ಚು.

ವಾರ್ಡು ಎಂಬ ಗೆರೆಯ ತೊಡಕು ಆಗಲೇ ಕಾಣತೊಡಗಿತ್ತು. ರಸ್ತೆಯ ಈ ಬದಿ ಮನೆ, ಆ ಬದಿ ಶಾಲೆ. ನಡುವೆ ವಾರ್ಡಿನ ಗಡಿ. ಅಂಗಳದಿಂದ ಕೂಗಿದರೆ ಕೇಳುವ ಶಾಲೆ ‘ನೆರೆಹೊರೆ’ ಅಲ್ಲ, ವಾರ್ಡಿನ ಇನ್ನೊಂದು ತುದಿಯ ಶಾಲೆ ನೆರೆಹೊರೆ. ಸೀಟಿಗಾಗಿ ಆಧಾರಿನ ವಿಳಾಸ ಬದಲಿಸಿದವರಿದ್ದರು, ನೆಂಟರ ಮನೆಯ ಬಾಡಿಗೆ ಕರಾರು ಮಾಡಿಸಿದವರಿದ್ದರು. ಬೆಂಗಳೂರಿನಲ್ಲಿ ವಾರ್ಡುಗಳು 198ರಿಂದ 243, ಅಲ್ಲಿಂದ 225, ಈಗ ಐದು ಪಾಲಿಕೆಗಳು ಸೇರಿ 369 ಎಂದು ಎಷ್ಟು ಸಲ ಬದಲಾದವು! ಸೀಟಿನ ಗಡಿಯನ್ನು ವಾರ್ಡಿಗೆ ಕಟ್ಟಿದರೆ ಒಂದೊಂದು ಮರುವಿಂಗಡಣೆಗೂ ಯಾವುದೋ ಮನೆಯ ಮಗು ಗಡಿಯ ಆಚೆ ಬೀಳುತ್ತದೆ.

ದೊಡ್ಡ ಬದಲಾವಣೆ ಬಂದದ್ದು 2019-20ರ ಪ್ರವೇಶಕ್ಕೆ. ನಿಯಮಕ್ಕೆ ತಿದ್ದುಪಡಿ ತಂದ ಸರಕಾರ, ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿ ಖಾಸಗಿ ಶಾಲೆಯ ಆರ್‌ಟಿಇ ಸೀಟು ಇಲ್ಲ ಎಂದಿತು. ಸರಕಾರಿ ಶಾಲೆ ಇಲ್ಲದ ಊರು ಕರ್ನಾಟಕದಲ್ಲಿ ಎಷ್ಟಿವೆ? ಒಂದೇ ಸಾಲಿನ ತಿದ್ದುಪಡಿಗೆ ಲಕ್ಷದ ಲೆಕ್ಕದಲ್ಲಿದ್ದ ಸೀಟುಗಳು ಸಾವಿರದ ಲೆಕ್ಕಕ್ಕೆ ಇಳಿದವು.

ಆ ಬೇಸಿಗೆ ಕಂಪ್ಯೂಟರ್ ಸೆಂಟರುಗಳಲ್ಲಿ ನಡೆದ ಮಾತು ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಇತ್ತು. ಸೆಂಟರಿನ ಹುಡುಗ ಜಿಲ್ಲೆ ಒತ್ತುತ್ತಾನೆ, ವಲಯ ಒತ್ತುತ್ತಾನೆ, ಊರು ಒತ್ತುತ್ತಾನೆ. ಪಟ್ಟಿ ಖಾಲಿ. “ಯಕ್ಕಾ, ನಿಮ್ಮ ಊರ ಹಾಕಿದ್ರ ಸಾಲೀನ ಬರವಲ್ದು ನೋಡ್ರಿ.” ಪ್ಲಾಸ್ಟಿಕ್ ಚೀಲದಲ್ಲಿ ಆಧಾರು, ಜನ್ಮದಾಖಲೆ, ಪ್ರಮಾಣಪತ್ರ ಎಲ್ಲ ಜೋಡಿಸಿಕೊಂಡು ಕೂಲಿ ಬಿಟ್ಟು ಬಂದಾಕೆ ನಂಬುವುದಿಲ್ಲ. “ಹ್ವಾದ ವರ್ಷ ಇವರಣ್ಣಗ ಬಂದಿತ್ತಲ್ಲೋ ತಮ್ಮಾ? ಇನ್ನೊಮ್ಮೆ ಒತ್ತಿ ನೋಡು.” ಆತ ಇನ್ನೊಮ್ಮೆ ಒತ್ತುತ್ತಾನೆ. ಪಟ್ಟಿ ಖಾಲಿಯೇ. ಆಕೆ ಕಾಗದಗಳನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ಹಾಕಿಕೊಳ್ಳುತ್ತಾಳೆ, ಮಡಿಕೆ ಮುರಿಯದಂತೆ. ಮುಂದಿನ ವರ್ಷಕ್ಕೆ ಬೇಕಾಗಬಹುದಲ್ಲ.

ಆ ಒಂದು ವರ್ಷದ ಅಂತರಕ್ಕೆ ಮನೆಯೊಳಗೇ ಗೆರೆ ಬಿತ್ತು. ಅಣ್ಣ 2018ರಲ್ಲಿ ಸೇರಿದವನು, ಟೈ ಕಟ್ಟಿಕೊಂಡು ವ್ಯಾನಿನಲ್ಲಿ ಹೋಗುತ್ತಾನೆ. ತಂಗಿ 2019ರವಳು, ಊರ ಸಾಲಿಗೆ ನಡೆದು ಹೋಗುತ್ತಾಳೆ. ಒಂದೇ ತಾಯಿ ಬೆಳಗ್ಗೆ ಇಬ್ಬರಿಗೂ ಜಡೆ-ಕ್ರಾಪು ತೆಗೆದು ಎರಡು ದಾರಿಗೆ ಕಳಿಸುತ್ತಾಳೆ. ಊರ ಸಾಲಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನಾನೂ ಕನ್ನಡ ಸಾಲಿಯ ಹಲಗೆಯ ಮುಂದೆ ಕೂತು ಕಲಿತವನು. ಆದರೆ ಆ ತಂಗಿ ಕೇಳುವ ‘ನನಗ್ಯಾಕ ಇಲ್ಲ?’ ಎಂಬುದಕ್ಕೆ ತಾಯಿಯ ಹತ್ತಿರ ಉತ್ತರ ಇರಲಿಲ್ಲ.

ಸರಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಖಾಸಗಿ ಶಾಲೆಗಳಿಗೆ ವರ್ಷ ವರ್ಷ ಕಟ್ಟುವ ನೂರಾರು ಕೋಟಿಯನ್ನು ನಮ್ಮವೇ ಶಾಲೆಗಳಿಗೆ ಹಾಕಬಾರದೇಕೆ, ಕಾಲು ಭಾಗ ಮಕ್ಕಳನ್ನು ನಾವೇ ಆಚೆ ಕಳಿಸಿ ಕನ್ನಡ ಸಾಲಿ ಬರಿದಾಯಿತೆಂದು ಅಳುವುದೇಕೆ ಎಂಬ ಮಾತಿನಲ್ಲಿ ಹುರುಳಿದೆ. ಪಾಲಕರು, ಶಿಕ್ಷಣ ಹಕ್ಕಿನ ಪರವಾದ ಸಂಘಟನೆಗಳು ಹೈಕೋರ್ಟಿಗೆ ಹೋದರು. 2019ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಐದು ವರ್ಷದ ಮೇಲೆ ಪಕ್ಕದ ಮಹಾರಾಷ್ಟ್ರ ಇದೇ ದಾರಿ ಹಿಡಿಯಿತು. 2024ರ ಫೆಬ್ರವರಿ 9ರ ಅಧಿಸೂಚನೆ: ಒಂದು ಕಿಲೋಮೀಟರಿನೊಳಗೆ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ 25 ಪ್ರತಿಶತದ ಹೊರೆ ಇಲ್ಲ. ಬಾಂಬೆ ಹೈಕೋರ್ಟು ಮೇ ತಿಂಗಳಲ್ಲಿ ಅದಕ್ಕೆ ತಡೆ ಕೊಟ್ಟು, ಜುಲೈ 19ರಂದು ರದ್ದುಮಾಡಿತು. ಆಗಸ್ಟ್ 9ರಂದು ಸುಪ್ರೀಂ ಕೋರ್ಟು ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ತಿಕೋಟಾದ ಕಡೆಯಿಂದ ಇದನ್ನು ನೋಡಿದರೆ ಎಷ್ಟು ವಿಚಿತ್ರ! ಆಚೆ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು, ಅಲ್ಲಿಯೂ ಕನ್ನಡ ಮನೆಮಾತಿನ ಊರುಗಳು, ಕನ್ನಡ ಮಾಧ್ಯಮದ ಸಾಲಿಗಳು. ಹೆಣ್ಣು ಕೊಡುವುದು-ತರುವುದು ಇಲ್ಲಿಂದಲ್ಲಿಗೆ, ಅಲ್ಲಿಂದಿಲ್ಲಿಗೆ. ಪಾರ್ಲಿಮೆಂಟು ಮಾಡಿದ ಕಾಯ್ದೆ ಎರಡೂ ಕಡೆ ಒಂದೇ. ಆದರೆ ಅಕ್ಕ ಜತ್ತದ ಕಡೆ, ತಂಗಿ ತಿಕೋಟಾದ ಕಡೆ ಇದ್ದರೆ ಅಕ್ಕನ ಮಗಳಿಗೆ ಇರುವ ಹಕ್ಕು ತಂಗಿಯ ಮಗಳಿಗೆ ಇಲ್ಲ. 1956ರಲ್ಲಿ ಭಾಷೆಗಾಗಿ ಎಳೆದ ಗೆರೆ ಈ ಹಕ್ಕನ್ನೂ ಎರಡು ಮಾಡುತ್ತದೆಂದು ಅಂದು ಯಾರು ಎಣಿಸಿದ್ದರು?

‘ನೆರೆಹೊರೆಯ ಶಾಲೆ’ ಎಂಬ ಮಾತಿನ ಮೂಲಕ್ಕೂ ಹೋಗಬೇಕು. ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಶಿಕ್ಷಣ ಆಯೋಗ 1964ರಿಂದ 66ರವರೆಗೆ ದೇಶ ಸುತ್ತಿ ಕೊಟ್ಟ ವರದಿಯಲ್ಲಿ ಅದು ಬರುತ್ತದೆ. ಆಯೋಗದ ಸದಸ್ಯ ಕಾರ್ಯದರ್ಶಿಯಾಗಿದ್ದ ಜೆ.ಪಿ. ನಾಯಕ್ ನಮಗೆ ಹೊರಗಿನವರಲ್ಲ. ಕೊಲ್ಹಾಪುರದ ಕಡೆ ಹುಟ್ಟಿ, ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಜೈಲು ಕಂಡು, ಧಾರವಾಡ ಜಿಲ್ಲೆಯ ಉಪ್ಪಿನ ಬೆಟಗೇರಿಯಲ್ಲಿ ಹಳ್ಳಿಯ ಕೆಲಸ ಮಾಡಿದವರು. ಆಯೋಗ ಬಯಸಿದ್ದು ಇಷ್ಟು: ಒಂದು ನೆರೆಹೊರೆಯ ಎಲ್ಲ ಮಕ್ಕಳೂ, ಜಾತಿ ಯಾವುದಿರಲಿ, ಗೌಡರ ಮಗನಿರಲಿ ಜೀತದವನ ಮಗನಿರಲಿ, ಒಂದೇ ಶಾಲೆಯಲ್ಲಿ ಕೂಡಬೇಕು. ಆಗ ಗೌಡರೂ ಆ ಶಾಲೆಯ ಮೇಲ್ಛಾವಣಿ ಸೋರದಂತೆ ನೋಡಿಕೊಳ್ಳುತ್ತಾರೆ ಎಂಬುದು ಅದರ ಹಿಂದಿನ ನಂಬಿಕೆ.

ಈಗ ಬೆಳಗಿನ ಏಳೂವರೆಗೆ ನಗರದ ಆಸುಪಾಸಿನ ಯಾವ ಊರಿನ ಅಗಸಿಯ ಮುಂದೆ ನಿಂತರೂ ಹಳದಿ ವ್ಯಾನುಗಳು ಒಂದರ ಹಿಂದೆ ಒಂದು ಬರುತ್ತವೆ. ಬಾಗಿಲು ತೆರೆಯುತ್ತದೆ, ಹತ್ತು ಮಕ್ಕಳು ಏರುತ್ತಾರೆ, ವ್ಯಾನು ಊರಿನ ಸರಹದ್ದು ದಾಟುತ್ತದೆ, ತಾಲೂಕು ದಾಟುತ್ತದೆ, ಪಾಲಿಕೆಯ ವಾರ್ಡು ದಾಟುತ್ತದೆ. ಯಾರೂ ತಡೆಯುವುದಿಲ್ಲ, ಯಾವ ಕಾಗದವೂ ಬೇಡ. ಶುಲ್ಕ ಕಟ್ಟುವ ಶಕ್ತಿ ಇದ್ದವರಿಗೆ ನೆರೆಹೊರೆ ಎಂದರೆ ಡೀಸೆಲ್ ತಲುಪುವಷ್ಟು ದೂರ. ಗೆರೆ ಇರುವುದು ವ್ಯಾನಿಗೆ ದುಡ್ಡಿಲ್ಲದವರಿಗೆ ಮಾತ್ರ. ಆಯೋಗ ಎಲ್ಲರನ್ನೂ ಕೂಡಿಸಲೆಂದು ತಂದ ಮಾತು ಹೀಗೆ ಕೆಲವರನ್ನು ಮಾತ್ರ ಹಿಡಿದು ನಿಲ್ಲಿಸುವ ಬೇಲಿಯಾದದ್ದು ನನಗೆ ನೋವಿನ ಸಂಗತಿ. ಪಾಲಕರ ಸಿಟ್ಟು ಇಲ್ಲಿಯೇ ಕುದಿಯುತ್ತದೆ. ನಮ್ಮ ಸಾಲಿ ಬೇಡವೆಂದು ಅವರು ಹೇಳುವುದು ಅಪರೂಪ, ‘ನಮಗಷ್ಟೇ ಯಾಕ?’ ಎಂದು ಕೇಳುತ್ತಾರೆ.

ಅಮೆರಿಕದಲ್ಲಿರುವ ನಮ್ಮ ಕನ್ನಡದ ಕುಟುಂಬಗಳಿಗೆ ಈ ಬೇಗೆ ಬೇರೆ ರೂಪದಲ್ಲಿ ಗೊತ್ತು. ಅಲ್ಲಿ ಮನೆ ಯಾವ ಗಡಿಯೊಳಗೆ ಇದೆಯೋ ಮಗು ಸಾಮಾನ್ಯವಾಗಿ ಆ ಗಡಿಯ ಸರಕಾರಿ ಶಾಲೆಗೆ ಹೋಗಬೇಕು, ಶಾಲೆಯ ಖರ್ಚಿನ ದೊಡ್ಡ ಪಾಲು ಆ ಊರಿನ ಮನೆ ತೆರಿಗೆಯಿಂದ ಬರುತ್ತದೆ. ಆದ್ದರಿಂದ ಮನೆ ಕೊಳ್ಳುವವರು ಅಡುಗೆಮನೆಗಿಂತ ಮೊದಲು ಶಾಲೆಯ ಗಡಿ ನೋಡುತ್ತಾರೆ. ಮಕ್ಕಳ ಸಂಖ್ಯೆ ಏರಿಳಿದಾಗ ಶಿಕ್ಷಣ ಮಂಡಳಿ ಗಡಿ ತಿದ್ದುತ್ತದೆ, ಪಾಲಕರು ಸಭೆಗೆ ನುಗ್ಗುತ್ತಾರೆ. 1974ರಲ್ಲಿ ಡೆಟ್ರಾಯಿಟ್ ನಗರದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಕಪ್ಪು-ಬಿಳಿ ಮಕ್ಕಳನ್ನು ಕೂಡಿಸಲೆಂದು ಒಂದು ಶಾಲಾ ಜಿಲ್ಲೆಯ ಗಡಿಯನ್ನು ದಾಟಿಸಿ ಮಕ್ಕಳನ್ನು ಕಳಿಸಲಾಗದು ಎಂದಿತು. ಗಡಿ ಗೆದ್ದಿತು. ಒಂದು ಮಾತ್ರ ಹೇಳಬೇಕು: ಅಲ್ಲಿ ಗೆರೆ ತಿದ್ದುವ ಮುನ್ನ ನಕಾಶೆ ಹರಡಿಟ್ಟು ಸಭೆ ಕರೆಯುತ್ತಾರೆ. ಪಾಲಕರು ಕೂಗಾಡಲಿಕ್ಕಾದರೂ ಒಂದು ಜಾಗ ಇರುತ್ತದೆ.

ನಮ್ಮಲ್ಲಿ ಈಗ ಹೆಚ್ಚು ಭಯ ಹುಟ್ಟಿಸಿರುವ ಗೆರೆ ವಿಲೀನದ್ದು. ಶಾಲೆ ಮುಚ್ಚುವುದು ಎಂದು ಯಾವ ಸರಕಾರವೂ ಹೇಳುವುದಿಲ್ಲ. 2018ರ ಜುಲೈ ಬಜೆಟ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು ಒಂದು ಕಿಲೋಮೀಟರ್ ವ್ಯಾಪ್ತಿಯ 28,847 ಶಾಲೆಗಳನ್ನು ಹತ್ತಿರದ 8,530 ಶಾಲೆಗಳಲ್ಲಿ ವಿಲೀನ ಮಾಡುವ ಮಾತು ಹೇಳಿದಾಗ ಸಾಹಿತಿಗಳಿಂದ ಹಿಡಿದು ಹಳ್ಳಿಯವರವರೆಗೆ ವಿರೋಧ ಬಂತು. ನಂತರದ ವರ್ಷಗಳಲ್ಲಿ ಮಾತು ಕರ್ನಾಟಕ ಪಬ್ಲಿಕ್ ಶಾಲೆಗಳ ಕಡೆ ತಿರುಗಿತು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ, ಎರಡೂ ಮಾಧ್ಯಮ, ಪ್ರಯೋಗಾಲಯ, ಆಟದ ಬಯಲು. 2025ರಲ್ಲಿ 800 ಶಾಲೆಗಳನ್ನು ಈ ಮಟ್ಟಕ್ಕೆ ಏರಿಸುವ ಆದೇಶವಾಯಿತು, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವೂ ಇದೆ. ಚನ್ನಪಟ್ಟಣ ತಾಲೂಕಿನ ಹೊಂಗನೂರಿನ ಶಾಲೆಗೆ ಸುತ್ತಲಿನ ಏಳು ಶಾಲೆಗಳನ್ನು ಸೇರಿಸುವ ಸುದ್ದಿ ಹೊರಬಿದ್ದಾಗ ಆ ಊರುಗಳ ಪಾಲಕರು ಎದ್ದು ನಿಂತರು, ವಿದ್ಯಾರ್ಥಿ ಸಂಘಟನೆಗಳು ರಾಜ್ಯದ ತುಂಬ ಸಹಿ ಸಂಗ್ರಹಿಸಿದವು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರಕಾರ ಹೇಳಿತು.

ಇಂಥ ಒಂದು ದೊಡ್ಡ ಸಾಲಿ ನಮ್ಮ ಹೋಬಳಿಗೆ ಬಂದರೆ ನಾನು ಸಂತೋಷಪಡುತ್ತೇನೆ. ಐದು ತರಗತಿಗೆ ಒಬ್ಬರೇ ಮಾಸ್ತರು, ಅವರೇ ಬಿಸಿಯೂಟದ ಲೆಕ್ಕ, ಅವರೇ ಗಣತಿ, ಅವರೇ ಚುನಾವಣೆ ಕೆಲಸ ಎಂಬ ಸ್ಥಿತಿಯಲ್ಲಿ ಮಗು ಕಲಿಯುವುದಾದರೂ ಯಾವಾಗ? ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಲೇಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ಆದರೂ ಏಕೋಪಾಧ್ಯಾಯ ಶಾಲೆಗಳು ರಾಜ್ಯದಲ್ಲಿ ಸಾವಿರಾರು. ಎಂಟು ಹತ್ತು ಮಕ್ಕಳ ಸಾಲಿಯಲ್ಲಿ ಜೊತೆಗೆ ಆಡಲು, ಜಗಳಾಡಲು ಓರಗೆಯವರೇ ಇಲ್ಲ. ಇದನ್ನೆಲ್ಲ ಒಪ್ಪಬೇಕು.

ಆದರೆ ಈ ಭಾಗದ ನೆಲವನ್ನು ಬಲ್ಲವರಿಗೆ ಒಂದು ಮಾತು ಗೊತ್ತಿರುತ್ತದೆ. ತಿಕೋಟಾ ಸೀಮೆಯಲ್ಲಿ ಜನ ಊರಿನಲ್ಲಿ ಎಷ್ಟಿರುತ್ತಾರೋ ತೋಟದ ವಸ್ತಿಗಳಲ್ಲಿಯೂ ಅಷ್ಟೇ ಇರುತ್ತಾರೆ. ದ್ರಾಕ್ಷಿ ಬಂದ ಮೇಲಂತೂ ಇದು ಹೆಚ್ಚಾಯಿತು. ಬಳ್ಳಿ ಸವರುವ ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ, ನಡುವೆ ಔಷಧ ಸಿಂಪಡಣೆ, ಕೊನೆಗೆ ಒಣದ್ರಾಕ್ಷಿಯ ಶೆಡ್ಡು. ಬಳ್ಳಿ ಬಿಟ್ಟು ಊರಲ್ಲಿ ಮಲಗಲು ಆಗುವುದಿಲ್ಲ. ಅಲ್ಲಿ ಹತ್ತು ಮನೆ, ಇಲ್ಲಿ ಆರು ಮನೆ, ಅವುಗಳ ನಡುವೆ ಒಂದು ವಸ್ತಿ ಸಾಲಿ. ದಾಖಲೆಯಲ್ಲಿ ಅದು ಕಿರಿಯ ಪ್ರಾಥಮಿಕ ಶಾಲೆ, ಮಕ್ಕಳು ಹದಿನೈದು. ಊರಿನ ದೊಡ್ಡ ಸಾಲಿಯಿಂದ ಆಕಾಶಮಾರ್ಗದಲ್ಲಿ ಒಂದೋ ಒಂದೂವರೆಯೋ ಕಿಲೋಮೀಟರು. ಕಾಗದದ ಮೇಲೆ ವಿಲೀನಕ್ಕೆ ಇದಕ್ಕಿಂತ ಸುಲಭದ ಸಾಲಿ ಸಿಗದು. ನೆಲದ ಮೇಲೆ ನಡುವೆ ಹಳ್ಳ ಇದೆ, ಬೇರೆಯವರ ಹೊಲದ ಬದು ಇದೆ, ಕಬ್ಬು ಬೆಳೆದು ನಿಂತಾಗ ತಾಯಿ ಹೆಣ್ಣುಮಗುವನ್ನು ಒಂಟಿಯಾಗಿ ಕಳಿಸಲು ಹೆದರುವ ಓಣಿ ಇದೆ. ಡೋಣಿ ಹೊಳೆ ತುಂಬಿದರೆ ಸಾರವಾಡದ ಹತ್ತಿರ ದೊಡ್ಡ ರಸ್ತೆಯೇ ಕಡಿದುಹೋಗುತ್ತದೆ, ಇನ್ನು ಕಾಲುದಾರಿಯ ಗತಿ ಏನು? ದೂರ ಹೆಚ್ಚಾದಷ್ಟೂ ಮೊದಲು ಸಾಲಿ ಬಿಡುವವಳು ಹುಡುಗಿ. ಎಂಟನೆಯ ತರಗತಿಯ ಮಕ್ಕಳಿಗೆ 2006-07ರಿಂದ ಕೊಡುತ್ತಿದ್ದ ಸೈಕಲ್ಲು ಕೊರೊನಾ ಕಾಲಕ್ಕೆ ನಿಂತಿತು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ ಹುಡುಗಿಯರಿಗೆ ದೊಡ್ಡ ಉಪಕಾರ ಮಾಡಿದೆ, ಆದರೆ ವಸ್ತಿಯ ದಾರಿಗೆ ಬಸ್ಸು ಬರುವುದಿಲ್ಲ.

ಇನ್ನೊಂದು ಗೆರೆ ಇದೆ, ನಗರದ ಅಂಚಿನ ಊರುಗಳಿಗೆ ಅದು ಹತ್ತಿರ ಹತ್ತಿರ ಬರುತ್ತಿದೆ. ಅದು ನಗರದ ಗಡಿಯೇ. ಲೇಔಟುಗಳು ಹೊಲ ನುಂಗುತ್ತ ಬಂದಂತೆ ಒಂದು ದಿನ ಊರು ಪಾಲಿಕೆಯೊಳಗೆ ಸೇರುತ್ತದೆ. ರಸ್ತೆ, ನಳ, ದೀಪ ಬರುತ್ತವೆಂದು ಜನ ಬಯಸುತ್ತಾರೆ. ಸಾಲಿಯ ಹುಡುಗರಿಗೆ ಅದರಿಂದ ಏನಾಗುತ್ತದೆಂದು ಯಾರೂ ಹೇಳುವುದಿಲ್ಲ. ಆಲಮಟ್ಟಿಯಲ್ಲಿ ನಮ್ಮ ಜಿಲ್ಲೆಯ ನವೋದಯ ವಿದ್ಯಾಲಯವಿದೆ. ಅಲ್ಲಿ 75 ಪ್ರತಿಶತ ಸೀಟು ಗ್ರಾಮೀಣ ಮಕ್ಕಳಿಗೆ. ಮೂರು, ನಾಲ್ಕು, ಐದನೆಯ ತರಗತಿಯ ನಡುವೆ ಒಂದೇ ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗು ನಗರದ್ದು ಎನಿಸಿಕೊಳ್ಳುತ್ತದೆ. ವೃತ್ತಿಶಿಕ್ಷಣದ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಬೇಕಿದ್ದರೆ ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಆದರ್ಶ ವಿದ್ಯಾಲಯದ ಆರನೆಯ ತರಗತಿಯ ಸೀಟು ಆಯಾ ತಾಲೂಕಿನ ಮಕ್ಕಳಿಗೆ. ಮಗು ಅದೇ ಬೆಂಚಿನ ಮೇಲೆ ಕೂತಿರುತ್ತದೆ, ಅದರ ಕೆಳಗಿನ ನೆಲದ ಹೆಸರು ಬದಲಾಗಿರುತ್ತದೆ.

ತಾಂಡಾಗಳದ್ದು ಬೇರೆಯೇ ಕಥೆ. ದಾಖಲೆಯಲ್ಲಿ ಹೆಸರೇ ಇಲ್ಲದ ಇಂಥ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ಈಚೆಗೆ ವೇಗವಾಗಿ ನಡೆದಿದೆ. ವಿಜಯಪುರವೂ ಸೇರಿ ಐದು ಜಿಲ್ಲೆಗಳ 1,475 ವಸತಿಗಳು ಹೀಗೆ ಗ್ರಾಮಗಳಾದವು, 2023ರ ಜನವರಿಯಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ತಲೆಮಾರುಗಳಿಂದ ಕಾಲಡಿಯ ನೆಲ ತಮ್ಮದಲ್ಲ ಎಂದುಕೊಂಡವರಿಗೆ ಅದು ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ. ಆದರೆ ‘ಗ್ರಾಮವೇ ನೆರೆಹೊರೆ’ ಎಂದು ಹಿಡಿದು ಕೂತರೆ, ನಿನ್ನೆಯವರೆಗೆ ಒಂದೇ ಊರಿನವರಾಗಿದ್ದ ತಾಂಡಾದ ಮಕ್ಕಳಿಗೆ ಮೂಲ ಊರಿನ ಸಾಲಿ ಇಂದು ಪರಊರಿನ ಸಾಲಿಯಾಗುತ್ತದೆ. ಹಕ್ಕುಪತ್ರ ಕೊಟ್ಟ ದಿನವೇ ‘ನಿಮ್ಮ ಮಕ್ಕಳ ಸಾಲಿ ಇದು, ದಾರಿ ಇದು’ ಎಂದೂ ಬರೆದುಕೊಡುವುದು ದೊಡ್ಡ ಕೆಲಸವೇನಲ್ಲ.

ವಾರ್ಡಿನ ಗಡಿ ಬದಲಿಸುವ ಮೊದಲು ಸರಕಾರ ಕರಡು ಹೊರಡಿಸುತ್ತದೆ. ಆಕ್ಷೇಪಣೆಗೆ ದಿನ ಕೊಡುತ್ತದೆ. ಹೊಸ ತಾಲೂಕು ಮಾಡುವಾಗಲೂ ಹಾಗೆಯೇ. ಮತಕ್ಕೂ ಕಂದಾಯಕ್ಕೂ ಇರುವ ಈ ಮರ್ಯಾದೆ ಸಾಲಿಗೂ ಇರಬೇಕು. ಪಾಲಕರೇ ಹೆಚ್ಚಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಕರ್ನಾಟಕದಲ್ಲಿ 2001ರಿಂದ ಇದೆ. ಎಸ್‌ಡಿಎಂಸಿ ಎಂದರೆ ಊರಲ್ಲಿ ಎಲ್ಲರಿಗೂ ಗೊತ್ತು. ಸಾಲಿಯ ಗಡಿ, ವಿಲೀನ, ವಲಯ ಯಾವುದೇ ಬದಲಾಗುವುದಿದ್ದರೂ ಕರಡನ್ನು ಸಾಲಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಸಭೆಯನ್ನು ಚಾಟನಿಯ ದಿನಗಳಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಕರೆಯದೆ, ಕೂಲಿಯಿಂದ ಹೆಣ್ಣುಮಕ್ಕಳು ಮನೆಗೆ ಬಂದ ಮೇಲೆ ಸಂಜೆ ಕರೆಯಲಿ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಆ ಕರಡನ್ನು ಮಕ್ಕಳ ಮುಂದೆಯೂ ಓದಲಿ. ಯಾವ ಬದುವಿನ ಮೇಲೆ ನಾಯಿ ಇರುತ್ತದೆ, ಯಾವ ಓಣಿಯಲ್ಲಿ ಕುಡಿದವರು ಕೂತಿರುತ್ತಾರೆ ಎಂಬುದು ಅವರಿಗೇ ಸರಿಯಾಗಿ ಗೊತ್ತು.

ಆಮೇಲೆ ಅಳತೆ. ಅದನ್ನು ಉಪಗ್ರಹದ ಚಿತ್ರದಿಂದ ಬೇಡ, ಜೀಪಿನ ಮೀಟರಿನಿಂದಲೂ ಬೇಡ. ಜುಲೈ ತಿಂಗಳಲ್ಲಿ, ರಾತ್ರಿ ಮಳೆ ಸುರಿದ ಮರುದಿನ, ಬೆಳಗಿನ ಒಂಬತ್ತಕ್ಕೆ ವಸ್ತಿಗೆ ಬಂದು ಒಂದನೆಯ ತರಗತಿಯ ಮಗುವಿನ ಬೆನ್ನ ಹಿಂದೆ ಸಾಲಿಯವರೆಗೆ ನಡೆಯಬೇಕು. ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಳ್ಳಬೇಕು. ಆ ಅಂಕಿಯನ್ನು ಕಡತದ ಮೊದಲ ಪುಟದಲ್ಲಿ ಹಾಕಬೇಕು. ಹಳ್ಳದ ಹತ್ತಿರ ಮಕ್ಕಳು ನಿಂತಾಗ ಅಳೆಯಲು ಬಂದವರೂ ನಿಲ್ಲಬೇಕಾಗುತ್ತದೆ. ದೊಡ್ಡ ಹುಡುಗ ಕಲ್ಲು ಒಗೆದು ಸಪ್ಪಳ ಕೇಳುತ್ತಾನೆ. ಅವನು ಹೂಂ ಅಂದ ಮೇಲೇ ದಾಟಬೇಕು.